ಗೋಕರ್ಣದ ನೆರೆಯಲ್ಲಿ ಕಹಳೆಯ ಕಥೆ

ಕುಮಟೆಯ ಕಡೆಯಿಂದ ಗೋಕರ್ಣಕ್ಕೆ ಹೋಗುವ ಯಾತ್ರಿಕರಲ್ಲಿ ತದಡಿಯನ್ನು ನೋಡಿ ಬರುವವರು ವಿರಳ. ನೋಡಲು ಅಲ್ಲಿ ದೇವಾಲಯದ ಗೋಪುರವಿಲ್ಲ. ಮೀನುದೋಣಿಗಳಿವೆ, ಒಣಹಾಕಿದ ಬಲೆಗಳಿವೆ, ಅಘನಾಶಿನಿ ನದಿ ಸಮುದ್ರಕ್ಕೆ ಸೇರುವ ಅಳಿವೆಯಿದೆ, ಆಚೆಯ ದಡಕ್ಕೆ ಜನರನ್ನು ದಾಟಿಸುವ ತಾರಿಯಿದೆ. ಆದರೆ ಕಿವಿಯ ವಿಷಯದಲ್ಲಿ ಆಸಕ್ತಿಯುಳ್ಳವರು ತದಡಿಯ ದಡದಲ್ಲಿ ಒಂದು ರಾತ್ರಿ ಕೂರುವುದು ಒಳ್ಳೆಯದು. ಗಾಳಿ ಬಿದ್ದ ಚಳಿಗಾಲದ ರಾತ್ರಿಯಲ್ಲಿ ನೀರಿನಾಚೆ ಎಲ್ಲೋ ಆಟ ನಡೆದಿದ್ದರೆ ಚೆಂಡೆಯ ಪೆಟ್ಟು ಪಕ್ಕದ ಹಿತ್ತಿಲಲ್ಲಿ ಬಿದ್ದಂತೆ ಕೇಳುತ್ತದೆ. ಹಗಲಿನಲ್ಲಿ ಅದೇ ದೂರದಿಂದ ಕೂಗಿದವನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ, ಮಾತು ಕೇಳಿಸದು.

ಇದರಲ್ಲಿ ಪವಾಡವೇನೂ ಇಲ್ಲ. ರಾತ್ರಿ ನೀರಿಗೆ ತಾಗಿದ ಗಾಳಿ ತಂಪಾಗಿರುತ್ತದೆ, ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ನಡಿಗೆ ಹೆಚ್ಚು ವೇಗ. ಆದ್ದರಿಂದ ಮೇಲಕ್ಕೆ ಹೊರಟ ಶಬ್ದ ಆಕಾಶಕ್ಕೆ ಹೋಗಿ ಹಾಳಾಗದೆ ಬಾಗಿ ಕೆಳಗಿಳಿಯುತ್ತದೆ, ನೀರಿನ ಮೇಲೆ ಜಾರುತ್ತ ದೂರ ಹೋಗುತ್ತದೆ. ಹಗಲಿನಲ್ಲಿ ಇದರ ವಿರುದ್ಧ. ಮೈಕು ಎಂಬ ಪದಾರ್ಥವೇ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಬಯಲಾಟವನ್ನು ರಾತ್ರಿಗೆ ಇಟ್ಟುಕೊಂಡದ್ದು ಹಗಲೆಲ್ಲ ಗದ್ದೆಯ ಕೆಲಸ ಇರುತ್ತಿದ್ದುದರಿಂದ ಇರಬಹುದು. ಆದರೆ ಕಿವಿಗೆ ಅದರಿಂದಾದ ಲಾಭ ಸಣ್ಣದಲ್ಲ.

ನೆರೆಯ ಕ್ಷೇತ್ರದ ಹೆಸರೇ ಗೋಕರ್ಣ, ಹಸುವಿನ ಕಿವಿ. ಹಸುವಿನ ಕಿವಿಯನ್ನು ಗಮನಿಸಿದವರಿಗೆ ನಾನು ಈ ಲೇಖನದಲ್ಲಿ ಹೇಳಲಿರುವ ವಸ್ತುವಿನ ಆಕಾರವನ್ನು ಬೇರೆ ವರ್ಣಿಸಬೇಕಿಲ್ಲ. ಹೊರಗೆ ಅಗಲ, ಒಳಗೆ ಹೋದಂತೆ ಕಿರಿದು, ಬೇಕಾದ ದಿಕ್ಕಿಗೆ ತಿರುಗುವ ಸೌಕರ್ಯ. ಇದನ್ನೇ ಹಿಂದುಮುಂದಾಗಿಸಿ ಕಿರಿದಾದ ಕಡೆಯಿಂದ ಉಸುರಿದರೆ ಅದು ಕಹಳೆ. ಶಂಖ, ಕೊಂಬು, ಕಹಳೆ, ಗ್ರಾಮೊಫೋನಿನ ಹೂವು, ದೇವಸ್ಥಾನದ ತೆಂಗಿನ ಮರಕ್ಕೆ ಕಟ್ಟಿದ ಬೂದುಬಣ್ಣದ ಹಾರನ್ನು, ಇವೆಲ್ಲ ಒಂದೇ ಗೋತ್ರದವು. ಈ ಗೋತ್ರದ ಚರಿತ್ರೆಯನ್ನು ಹೇಳಲು ನನಗೆ ಇರುವ ಅಧಿಕಾರವೆಂದರೆ, ಹಲವು ವರ್ಷಗಳಿಂದ ಮನೆಯಲ್ಲಿ ಮರದ ಹಲಗೆಗಳನ್ನು ಕೊಯ್ದು ಕಹಳೆ ಧ್ವನಿವರ್ಧಕಗಳನ್ನು ಕಟ್ಟಿ, ಕೇಳಿ, ಬಿಚ್ಚಿ, ಮತ್ತೆ ಕಟ್ಟಿದ್ದೇನೆ ಎಂಬುದಷ್ಟೆ. ನಮ್ಮ ನಡುಮನೆಯಲ್ಲಿ ನಿಂತಿರುವ ಈಗಿನದನ್ನು ಮೊದಲ ಸಲ ನೋಡಿದ ನೆಂಟರು, ಭತ್ತದ ಕಣಜವನ್ನು ಪೇಟೆಯ ಮನೆಗೇಕೆ ತಂದಿರಿ ಎಂದು ಕೇಳಿದ್ದುಂಟು.

ಕಹಳೆ ಶಬ್ದವನ್ನು ಹೆಚ್ಚಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಕಹಳೆಗೆ ತನ್ನದೆಂಬ ಶಕ್ತಿ ಏನೂ ಇಲ್ಲ, ಅದೊಂದು ದಲ್ಲಾಳಿ. ತೆಳುವಾದ ಒಂದು ಪೊರೆ ತೆರೆದ ಗಾಳಿಯಲ್ಲಿ ಅಲುಗಿದರೆ ಗಾಳಿ ಪಕ್ಕಕ್ಕೆ ಸರಿದುಕೊಳ್ಳುತ್ತದೆ, ಹೊರೆಯನ್ನು ಹೊರುವುದೇ ಇಲ್ಲ. ಬರಿಗೈಯನ್ನು ನೀರಿನಲ್ಲಿ ಆಡಿಸಿದರೆ ದೋಣಿ ಮುಂದೆ ಹೋಗದಂತೆ. ಅದೇ ಪೊರೆಯನ್ನು ಕಿರಿದಾದ ಗಂಟಲಿನ ಬುಡದಲ್ಲಿಟ್ಟರೆ ಗಾಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ; ಪೊರೆಯ ನೂಕು ಪೂರ್ತಿಯಾಗಿ ಗಾಳಿಗೆ ತಾಗುತ್ತದೆ. ಗಂಟಲಿನಿಂದ ಬಾಯಿಯವರೆಗೆ ಕೊಳವೆ ಮೆಲ್ಲಮೆಲ್ಲನೆ ಅಗಲವಾಗುವುದರಿಂದ ಒತ್ತಡ ಹೆಚ್ಚು, ಹರವು ಕಡಮೆ ಇದ್ದ ಅಲೆ, ಒತ್ತಡ ಕಡಮೆ, ಹರವು ಹೆಚ್ಚು ಇರುವ ಅಲೆಯಾಗಿ ಹೊರಬರುತ್ತದೆ. ಕೈಗೆ ಹುಟ್ಟು ಸಿಕ್ಕಂತಾಯಿತು.

ಈ ಉಪಕಾರವನ್ನು ಮೊದಲು ಬಯಸಿದವರಲ್ಲಿ ನಾವಿಕರು ಮುಖ್ಯರು. ಹಡಗಿನಿಂದ ಹಡಗಿಗೆ, ಹಡಗಿನಿಂದ ದಡಕ್ಕೆ ಮಾತು ಮುಟ್ಟಿಸಬೇಕಲ್ಲ! ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮೋರ್ಲೆಂಡ್ ಎಂಬಾತ 1671ರಲ್ಲಿ ಮಾತಾಡುವ ತುತ್ತೂರಿಯ ಬಗ್ಗೆ ಪುಸ್ತಕವನ್ನೇ ಬರೆದ. ಅದನ್ನು ತಾನೇ ಮೊದಲು ಮಾಡಿದ್ದೆಂದು ಜರ್ಮನಿಯ ಪಾದ್ರಿ ಕಿರ್ಖರ್ ವಾದಿಸಿದ. ಶಂಖವನ್ನು ಊದಿದ ಮೊದಲ ಬೆಸ್ತ ಇಬ್ಬರನ್ನೂ ನೋಡಿ ನಕ್ಕಿರಬೇಕು. ಆಕಾರದ ಲೆಕ್ಕ ಕೂಡಿಬಂದದ್ದು ಮಾತ್ರ ಬಹಳ ತಡವಾಗಿ. ಹದಿನೆಂಟನೆಯ ಶತಮಾನದಲ್ಲಿ ಬರ್ನೂಲಿ, ಆಯ್ಲರ್, ಲಗ್ರಾಂಜ್ ಈ ಗಣಿತವನ್ನು ಕೈಗೆತ್ತಿಕೊಂಡಿದ್ದರಾದರೂ, ಇಂದು ನಾವೆಲ್ಲ ಬಳಸುವ ಸಮೀಕರಣಕ್ಕೆ ಅಂಟಿಕೊಂಡಿರುವ ಹೆಸರು ಅಮೆರಿಕದ ವೆಬ್‌ಸ್ಟರನದು. ಅವನ ಲೇಖನ ಪ್ರಕಟವಾದದ್ದು 1919ರಲ್ಲಿ.

ತದಡಿಯ ದಡದಲ್ಲಿ ಈ ಸಮೀಕರಣವನ್ನು ನೆನೆಯಲು ಇನ್ನೊಂದು ಕಾರಣವಿದೆ. ಆಳ ಒಂದೇ ಸಮನಾಗಿದ್ದು ಅಗಲ ಬದಲಾಗುವ ಕಾಲುವೆಯಲ್ಲಿ ಭರತದ ಅಲೆ ಹೇಗೆ ಒಳನುಗ್ಗುತ್ತದೆ ಎಂಬುದನ್ನು ಹೇಳುವ ಸಮೀಕರಣವೂ, ಕಹಳೆಯಲ್ಲಿ ಶಬ್ದದ ಅಲೆ ಹೇಗೆ ಸಾಗುತ್ತದೆ ಎಂಬುದನ್ನು ಹೇಳುವ ಸಮೀಕರಣವೂ ಅಕ್ಷರಶಃ ಒಂದೇ. ಗಾಳಿಯ ಒತ್ತಡ ಇದ್ದಲ್ಲಿ ನೀರಿನ ಎತ್ತರ, ಕೊಳವೆಯ ಕ್ಷೇತ್ರಫಲ ಇದ್ದಲ್ಲಿ ಕಾಲುವೆಯ ಅಗಲ, ಇಷ್ಟೇ ವ್ಯತ್ಯಾಸ. ಜಾರ್ಜ್ ಗ್ರೀನ್ ಎಂಬ ಗಣಿತಜ್ಞ 1837ರಲ್ಲಿಯೇ ಕಾಲುವೆಯ ಅಲೆಗಳ ಲೆಕ್ಕವನ್ನು ಬಿಡಿಸಿದ್ದ. ಖಂಭಾತದ ಕೊಲ್ಲಿ ಲಾಳಿಕೆಯಂತೆ ಒಳಗೊಳಗೆ ಕಿರಿದಾಗುವುದರಿಂದ ಅಲ್ಲಿ ಭರತ-ಇಳಿತಗಳ ಅಂತರ 30 ಅಡಿಯನ್ನೂ ಮೀರುತ್ತದೆ. ಅದು ಸಮುದ್ರದ ಮಾತನ್ನು ಕೇಳುವ ದೊಡ್ಡ ಕಿವಿ. ಅಘನಾಶಿನಿಯ ಅಳಿವೆ ಇದಕ್ಕೆ ವಿರುದ್ಧ ಜಾತಿಯದು. ಬಾಯಿ ಎರಡು ಗುಡ್ಡಗಳ ನಡುವೆ ಕಿರಿದು, ಒಳಗೆ ಹಿನ್ನೀರು ವಿಶಾಲ. ಇಂಥಲ್ಲಿ ಸಮುದ್ರದ ಅಬ್ಬರ ಬಾಯಲ್ಲೇ ಉಳಿದು ಒಳಗೆ ನೀರು ಮೆತ್ತಗೆ ಏರಿಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಮಕ್ಕಳು ಮೊಣಕಾಲು ನೀರಿನಲ್ಲಿ ನಿಂತು ಬೆಳಚು ಹೆಕ್ಕುವುದು ಇದೇ ಮೆತ್ತನೆಯ ನೀರಿನಲ್ಲಿ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ನನ್ನ ದೃಷ್ಟಿಯಲ್ಲಿ ಅದೊಂದು ತಿರುಗಿಸಿಟ್ಟ ಕಹಳೆ.

ಯಂತ್ರಯುಗದ ಕಹಳೆಗೆ ಬರೋಣ. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಮಾಡಿದ ಮೇಲೆ ಸುಮಾರು ಐವತ್ತು ವರ್ಷ ಹಾಡಿನ ಮುದ್ರಣ, ಪುನರುಚ್ಚಾರ ಎರಡೂ ನಡೆದದ್ದು ವಿದ್ಯುತ್ತಿನ ಹಂಗಿಲ್ಲದೆ, ಕೇವಲ ಕಹಳೆಯಿಂದ. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದ ಗೈಸ್‌ಬರ್ಗ್ ಎಂಬ ಮುದ್ರಣಕಾರನ ಮುಂದೆ ಗೌಹರ್ ಜಾನ್ ಹಾಡಿದಾಗ ಆಕೆಯ ಮುಖದೆದುರು ಇದ್ದದ್ದು ಮೈಕಲ್ಲ, ಕಹಳೆ. ಅದರೊಳಗೆ ಹಾಡಬೇಕು, ಸ್ವರ ಏರಿದಾಗ ತಲೆ ಹಿಂದೆಳೆದುಕೊಳ್ಳಬೇಕು, ಇಳಿದಾಗ ಮುಂದಕ್ಕೆ ಬಾಗಬೇಕು. ಅಷ್ಟು ಪ್ರಖ್ಯಾತಿ ಗಳಿಸಿದ ಆ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ವಿದ್ಯುತ್ತು ಮತ್ತು ಕಹಳೆಯ ಲಗ್ನ ನೆರವೇರಿದ್ದು ಯಾವ ದೊಡ್ಡ ಪ್ರಯೋಗಶಾಲೆಯಲ್ಲೂ ಅಲ್ಲ, ಒಂದು ವಾಸದ ಮನೆಯಲ್ಲಿ. ಕ್ಯಾಲಿಫೋರ್ನಿಯಾದ ನಾಪಾ ಎಂಬ ಊರಿನಲ್ಲಿ ಪೀಟರ್ ಜೆನ್ಸೆನ್, ಎಡ್ವಿನ್ ಪ್ರಿಡ್ಹಾಮ್ ಎಂಬ ಇಬ್ಬರು ಗೆಳೆಯರು ಕಾಂತ ಮತ್ತು ತಂತಿಸುರುಳಿಯಿಂದ ಮಾಡಿದ ತಮ್ಮ ಯಂತ್ರಕ್ಕೆ ಗ್ರಾಮೊಫೋನಿನ ಕಹಳೆಯನ್ನು ಸಿಕ್ಕಿಸಿದರು. ಕೋಣೆಯಲ್ಲಿ ಅದು ಕಿರುಚಿಕೊಂಡಿತು. ಸರಿ, ಕಹಳೆಯನ್ನು ಮನೆಯ ಮಾಡಿನ ಮೇಲೆ ಏರಿಸಿದರು. ಮಾತು ಮೈಲಿಯಾಚೆ ಕೇಳಿಸಿತು. ಅವರ ಯಂತ್ರ 1915ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕ್ರಿಸ್‌ಮಸ್ ಸಭೆಯಲ್ಲಿ ಮೊಳಗಿತು. 1919ರಲ್ಲಿ ಸ್ಯಾನ್ ಡಿಯೆಗೋದಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನರು ಇದರ ಮೂಲಕ ಸುಮಾರು 50,000 ಜನರಿಗೆ ಭಾಷಣ ಮಾಡಿದರು. ಅಲ್ಲಿಂದೀಚೆಗೆ ರಾಜಕೀಯ ಭಾಷಣ ಮೊದಲಿನಂತೆ ಉಳಿಯಲಿಲ್ಲ. ನಮ್ಮ ದೇಶದಲ್ಲಿ 1930ರ ದಶಕದ ಕಾಂಗ್ರೆಸ್ ಸಭೆಗಳ ಚಿತ್ರಗಳನ್ನು ನೋಡಿದವರು ವೇದಿಕೆಯ ಮೇಲೆ ‘ಚಿಕಾಗೋ ರೇಡಿಯೋ’ ಎಂಬ ಫಲಕವನ್ನು ಕಂಡಿರಬಹುದು. ಹೆಸರು ಅಮೆರಿಕದ್ದಾದರೂ ಅದು ಬೊಂಬಾಯಿಯ ಮೋಟ್ವಾನೆ ಮನೆತನದ ಅಂಗಡಿ. ದಿಲ್ಲಿಯ ಅಹುಜಾ ಕಂಪನಿ ಆರಂಭವಾದದ್ದು 1940ರಲ್ಲಿ. ಕರ್ನಾಟಕದ ಜಾತ್ರೆ, ಮದುವೆ, ಚುನಾವಣೆಗಳಲ್ಲಿ ಕೂಗಿದ ಹಾರನ್ನುಗಳಲ್ಲಿ ಎಷ್ಟೋ ಅದರವೇ.

ನಮ್ಮ ಕನ್ನಡ ನಾಡಿನಲ್ಲಿ ಮನೆಯಲ್ಲೇ ಶಬ್ದಯಂತ್ರ ಕಟ್ಟುವ ಹವ್ಯಾಸಕ್ಕೆ ಒಬ್ಬ ಮೂಲಪುರುಷರಿದ್ದರೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು. 1935ರ ಸೆಪ್ಟೆಂಬರ್ 10ರಂದು ತಮ್ಮ ವಿಠ್ಠಲ ವಿಹಾರವೆಂಬ ಮನೆಯಿಂದ 30 ವ್ಯಾಟಿನ ಪ್ರೇಷಕದಲ್ಲಿ ಅವರು ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಸಲ್ಲುವ ಮೊದಲು ಆ ಮನೆಗೆ ಸಂದಿತ್ತು. 30 ವ್ಯಾಟು ಎಂದರೆ ಇಂದು ಒಂದು ಮೋಟಾರುಗಾಡಿಯ ಹಾಡಿನ ಪೆಟ್ಟಿಗೆಗೂ ಸಾಲದೆಂದು ಹೀಗಳೆಯುವ ಅಳತೆ. ಅದರಲ್ಲಿ ಒಂದು ಊರಿಗೆ ಸಂಗೀತ ಕೇಳಿಸಿದರು!

ಈ ವ್ಯಾಟಿನ ಮಾತು ಬಂದದ್ದರಿಂದ ಕಹಳೆಯ ನಿಜವಾದ ಮಹಿಮೆಯನ್ನು ಹೇಳಬೇಕು. ಒಂದು ಧ್ವನಿವರ್ಧಕಕ್ಕೆ ಒಂದು ವ್ಯಾಟು ವಿದ್ಯುತ್ತು ಕೊಟ್ಟು, ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬಂತೆಂದು ಅಳೆಯುತ್ತಾರೆ; ಅದು ಅದರ ಸಂವೇದನೆ. ಈಗ ಅಂಗಡಿಯಲ್ಲಿ ಸಿಗುವ ಸಣ್ಣ ಪೆಟ್ಟಿಗೆಗಳದು 88 ಡೆಸಿಬೆಲಿನ ಆಸುಪಾಸು. ಒಳ್ಳೆಯ ಕಹಳೆಯದು 104. ಹದಿನಾರರ ಈ ವ್ಯತ್ಯಾಸ ಕೇಳಲು ಅಲ್ಪವೆನಿಸಿದರೂ ಡೆಸಿಬೆಲ್ಲಿನ ಏಣಿ ವಿಚಿತ್ರವಾದದ್ದು: ಪ್ರತಿ ಹತ್ತಕ್ಕೆ ಶಕ್ತಿ ಹತ್ತು ಪಟ್ಟು. ಹದಿನಾರೆಂದರೆ ಸುಮಾರು 40 ಪಟ್ಟು. ಪೆಟ್ಟಿಗೆ 40 ವ್ಯಾಟು ತಿಂದು ಮಾಡುವ ಸದ್ದನ್ನು ಕಹಳೆ ಒಂದೇ ವ್ಯಾಟಿನಲ್ಲಿ ಮಾಡುತ್ತದೆ. ಪೆಟ್ಟಿಗೆಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲೂ ಶಬ್ದವಾಗುವುದಿಲ್ಲ, ಉಳಿದದ್ದು ತಂತಿಸುರುಳಿಯನ್ನು ಕಾಯಿಸುತ್ತದೆ. ಮನೆಯ ಯಜಮಾನನಾದವನು ಇಂಥ ಆಳನ್ನು ಎಷ್ಟು ದಿನ ಇಟ್ಟುಕೊಂಡಾನು?

ವಾಲ್ವುಗಳ ಕಾಲದಲ್ಲಿ ಇದು ಕೇವಲ ಜಿಪುಣತನದ ಪ್ರಶ್ನೆಯಾಗಿರಲಿಲ್ಲ. ಇದ್ದದ್ದೇ ಮೂರು, ಐದು ವ್ಯಾಟು. ಅದರಲ್ಲಿ ಸಾವಿರ ಜನ ಕೂರುವ ಚಿತ್ರಮಂದಿರವನ್ನು ತುಂಬಿಸಬೇಕು. 1926ರಲ್ಲಿ ಬೆಲ್ ಪ್ರಯೋಗಶಾಲೆಯ ವೆಂಟ್ ಮತ್ತು ಥುರಾಸ್ ಸಿದ್ಧಪಡಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ 555 ಎಂಬ ಯೂನಿಟ್ಟು ಇಲ್ಲದಿದ್ದರೆ ಮಾತಾಡುವ ಚಿತ್ರಗಳು ಅಷ್ಟು ಬೇಗ ಮಾತಾಡುತ್ತಿರಲಿಲ್ಲ. 1934ರ ಮಾರ್ಚಿ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿ ಮಾತಾಡಿದಾಗ ಇಡೀ ಲೋಕದ ಚಿತ್ರಮಂದಿರಗಳಲ್ಲಿ ಕಹಳೆಯದೇ ರಾಜ್ಯ. ಅನಂತರ ಡೇರೆಯ ಟೂರಿಂಗ್ ಟಾಕೀಸುಗಳು ಊರೂರಿಗೆ ಬಂದವು. ಆಟ ಶುರುವಾಗುವ ಮುನ್ನ ಹೊರಗಿನ ಕಂಬದ ಹಾರನ್ನಿನಿಂದ ದೇವರ ಹಾಡು ಹೊರಟರೆ ಸುತ್ತಲಿನ ಹಳ್ಳಿಗಳಲ್ಲಿ ಊಟದ ತಟ್ಟೆಗಳು ಬೇಗಬೇಗ ಖಾಲಿಯಾಗುತ್ತಿದ್ದವು. ಬೆಂಗಳೂರಿನ ಬಿ. ಇ. ಎಲ್. ಕಾರ್ಖಾನೆ 1954ರಲ್ಲಿ ಸ್ಥಾಪನೆಯಾಗಿ ಮುಂದೆ ರೇಡಿಯೋ ವಾಲ್ವುಗಳನ್ನೂ ಮಾಡತೊಡಗಿತು. ನನ್ನ ಐದು ವ್ಯಾಟಿನ ವರ್ಧಕದಲ್ಲಿ ಅಲ್ಲಿಯದೇ ಒಂದು ಹಳೆಯ ವಾಲ್ವು ಇನ್ನೂ ಕೆಂಪಗೆ ಉರಿಯುತ್ತಿದೆ.

ಅದೇ 1954ರಲ್ಲಿ ಅಮೆರಿಕದ ವಿಲ್ಚರ್ ಎಂಬವನು ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ಪೆಟ್ಟಿಗೆಯಿಂದ ಮಂದ್ರಸ್ವರ ಹೊರಡಿಸುವ ಉಪಾಯ ಕಂಡುಹಿಡಿದ. ಅದಕ್ಕೆ ವ್ಯಾಟುಗಳು ಧಾರಾಳವಾಗಿ ಬೇಕು. ಟ್ರಾನ್ಸಿಸ್ಟರು ಅವನ್ನು ಅಗ್ಗವಾಗಿ ಕೊಟ್ಟಿತು. ಮನೆಗಳಿಂದ ಕಹಳೆ ಮಾಯವಾದದ್ದು ಹೀಗೆ. ಪಟ್ಟುಬಿಡದವರು ಕೆಲವರಿದ್ದರು. ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲಿ ಮನೆಯ ಮೂಲೆಯಲ್ಲಿ ನಿಲ್ಲುವ ಕಹಳೆಯನ್ನು ಮಾಡಿದ್ದ. ಅಮೆರಿಕದ ಪಾಲ್ ಕ್ಲಿಪ್ಷ್ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಚಿಕ್ಕ ಊರಿನಲ್ಲಿ ತಗಡಿನ ಗುಡಿಸಲಿನಲ್ಲಿ 1946ರಿಂದ ಮೂಲೆ ಕಹಳೆಗಳನ್ನು ಮಾಡಿ ಮಾರತೊಡಗಿದ. ಅವನ ಮೂಲ ವಿನ್ಯಾಸ ಇಂದಿಗೂ ತಯಾರಾಗುತ್ತಿದೆ. ಲಂಡನ್ನಿನ ಈ. ಎಂ. ಜಿ. ಎಂಬ ಅಂಗಡಿ ಕಾಗದದ ಮುದ್ದೆಯಿಂದ ದೊಡ್ಡ ಗ್ರಾಮೊಫೋನ್ ಕಹಳೆಗಳನ್ನು ಕೈಯಲ್ಲೇ ಮಾಡುತ್ತಿತ್ತು. ಇದನ್ನು ಓದಿದಾಗ ನನಗೆ ನಗು ಬಂತು. ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಪಾತ್ರೆಯ ಬೆನ್ನಿಗೆ ಬಡಿದು ಬುಟ್ಟಿ ಮಾಡುವ ವಿದ್ಯೆ ನಮ್ಮ ಅಜ್ಜಿಯರಿಗೆ ತಿಳಿದೇ ಇತ್ತು. ಕಹಳೆಗೆ ಆ ಮುದ್ದೆ ಬಹಳ ಒಳ್ಳೆಯದು, ಏಕೆಂದರೆ ಅದು ತಗಡಿನಂತೆ ತಾನೇ ಹಾಡುವುದಿಲ್ಲ.

ಮನೆಯಲ್ಲಿ ಕಟ್ಟುವವನಿಗೆ ಮೊದಲು ಎದುರಾಗುವುದು ಗಾತ್ರ. ಕಹಳೆ ಇಂಥ ಸ್ವರದಿಂದ ಕೆಳಗೆ ಕೆಲಸ ಮಾಡದು ಎಂಬ ಒಂದು ಮಿತಿಯಿರುತ್ತದೆ. ಘಾತೀಯ ಕಹಳೆಯಲ್ಲಿ ಸಮಾನ ದೂರಕ್ಕೊಮ್ಮೆ ಕ್ಷೇತ್ರಫಲ ಇಮ್ಮಡಿಯಾಗುತ್ತ ಹೋಗುತ್ತದೆ; ಆ ದೂರವೇ ಮಿತಿಯನ್ನು ನಿರ್ಧರಿಸುತ್ತದೆ. ಸೆಕೆಂಡಿಗೆ 400 ಕಂಪನಗಳ ಸ್ವರಕ್ಕೆ ಸುಮಾರು 4.8 ಸೆಂಟಿಮೀಟರಿಗೊಮ್ಮೆ ಇಮ್ಮಡಿಯಾದರೆ ಸಾಕು. ಗಂಟಲು ಒಂದಂಗುಲ ವ್ಯಾಸ, ಬಾಯಿ ಸುಮಾರು 28 ಸೆಂಟಿಮೀಟರು, ಉದ್ದ ಒಂದಡಿಗಿಂತ ತುಸು ಹೆಚ್ಚು. ಕಂಬದ ಹಾರನ್ನು ಇದೇ ಅಳತೆಯ ಬಂಧು, ಮೂರು ಮಡಿಕೆ ಮಾಡಿದ್ದಾರೆ ಅಷ್ಟೆ. ಆದರೆ 100 ಕಂಪನಗಳವರೆಗೆ ಇಳಿಯಬೇಕಾದರೆ ಇಮ್ಮಡಿಯ ದೂರ 19 ಸೆಂಟಿಮೀಟರು, ಬಾಯಿಯ ವ್ಯಾಸ 1.1 ಮೀಟರು, ಉದ್ದ ಎರಡು ಮೀಟರಿಗೂ ಮೇಲೆ. 50 ಕಂಪನಗಳಿಗೆ ಬಾಯಿ 2.2 ಮೀಟರು, ಉದ್ದ ಐದು ಮೀಟರಿನ ಸಮೀಪ. ಅಂದರೆ ಮನೆಯೊಳಗೆ ಕಹಳೆ ಇಡುವುದಲ್ಲ, ಕಹಳೆಯೊಳಗೆ ಸಂಸಾರ ಹೂಡಬೇಕಾಗುತ್ತದೆ.

ವಾಯ್ಟ್, ಕ್ಲಿಪ್ಷರ ಜಾಣತನವಿರುವುದು ಇಲ್ಲಿ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಕೂಡುತ್ತವೆ. ಶಬ್ದ ಹರಡಬೇಕಾದ ಅವಕಾಶ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕಹಳೆಯ ಬಾಯಿಯ ಕ್ಷೇತ್ರಫಲವೂ ಎಂಟನೆಯ ಒಂದು ಪಾಲಿದ್ದರೆ ಸಾಕು, ಮಿಕ್ಕ ಕಹಳೆಯ ಕೆಲಸವನ್ನು ಗೋಡೆಗಳು ಮಾಡಿಕೊಡುತ್ತವೆ. ಕೊಳವೆಯನ್ನು ಮಡಿಚಿ ಮಡಿಚಿ ಒಂದು ಕಪಾಟಿನ ಗಾತ್ರಕ್ಕೆ ತರಬಹುದು. ಈ ಉಪಾಯಕ್ಕೆ ದಪ್ಪ ಗೋಡೆ ಬೇಕು. ಕರಾವಳಿಯ ಹಳೆಯ ಮನೆಗಳ ಚಿರೇಕಲ್ಲಿನ ಗೋಡೆಗಿಂತ ಉತ್ತಮವಾದ ಗೋಡೆಯನ್ನು ನಾನು ಕಾಣೆ. ನಗರದ ಫ್ಲಾಟುಗಳ ತೆಳುಗೋಡೆಯಲ್ಲಿ ಅರ್ಧ ಮಂದ್ರ ಪಕ್ಕದ ಮನೆಯವರ ಪಾಲು.

ಹಿಂಬದಿಯ ಗೂಡಿನದು ಇನ್ನೊಂದು ಸ್ವಾರಸ್ಯ. ಮಿತಿಯ ಹತ್ತಿರದ ಸ್ವರಗಳಲ್ಲಿ ಕಹಳೆಯೊಳಗಿನ ಗಾಳಿ ಬರಿಯ ತೂಕದಂತೆ ವರ್ತಿಸಿ ಪೊರೆಯನ್ನು ತಡೆಯುತ್ತದೆ. ಪೊರೆಯ ಹಿಂದೆ ಮುಚ್ಚಿದ ಗೂಡನ್ನಿಟ್ಟರೆ ಅದರ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ತೂಕವೂ ಸ್ಪ್ರಿಂಗೂ ಸರಿತೂಗಿದರೆ ಎರಡರ ಕಾಟವೂ ತೀರುತ್ತದೆ. ಲೆಕ್ಕ ಸರಳ: ಗಂಟಲಿನ ಕ್ಷೇತ್ರಫಲವನ್ನು ಇಮ್ಮಡಿಯಾಗುವ ದೂರದಿಂದ ಗುಣಿಸಿ, ಬಂದದ್ದನ್ನು 2.9ರಿಂದ ಗುಣಿಸಿದರೆ ಗೂಡಿನ ಗಾತ್ರ. ಗಂಟಲು 500 ಚದರ ಸೆಂಟಿಮೀಟರು, ಮಿತಿ 50 ಕಂಪನವಾದರೆ ಇಮ್ಮಡಿಯ ದೂರ 38 ಸೆಂಟಿಮೀಟರು, ಗೂಡು 55 ಲೀಟರು. ನಾನು ಗೂಡಿನೊಳಗೆ ಮರದ ತುಂಡುಗಳನ್ನು ಒಂದೊಂದಾಗಿ ಸೇರಿಸಿ, ತೆಗೆದು, ಮದ್ದಳೆಯ ಎಡಗೈಯ ನಾದ ತುಂಬಿ ಬರುವವರೆಗೆ ನೋಡುತ್ತೇನೆ. ಲೆಕ್ಕ ನೂರಕ್ಕೆ ತೊಂಬತ್ತು ಪಾಲು ಕರೆದೊಯ್ಯುತ್ತದೆ, ಉಳಿದ ಹತ್ತನ್ನು ಮದ್ದಳೆಗಾರನೇ ಹೇಳಬೇಕು. ಕೀಲುಗಳಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಕೆಲಸ ಕೆಟ್ಟಿತು. ಊದುಬತ್ತಿಯ ಹೊಗೆ ಹಿಡಿದು ಹುಡುಕಿದರೆ ಅದು ಸಿಗುತ್ತದೆ.

ಮೇಲಿನ ಸ್ವರಗಳಿಗೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗುವ ಯೂನಿಟ್ಟು, ಅದಕ್ಕೊಂದು ಚಿಕ್ಕ ಕಹಳೆ. ಎಂಟು ಓಮಿನ ಯೂನಿಟ್ಟಿಗೆ 50 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸಾಲಾಗಿ ಸೇರಿಸಿದರೆ 400 ಕಂಪನಕ್ಕಿಂತ ಕೆಳಗಿನ ಭಾರ ಅದರ ಮೇಲೆ ಬೀಳದು. ಆಗ ಹೊಸದೊಂದು ತೊಂದರೆ. ಮಂದ್ರದ ಕಹಳೆಯ ದಾರಿ ಉದ್ದ, ತಾರದ್ದು ಗಿಡ್ಡ. ಎರಡು ಮೀಟರಿನ ಹೆಚ್ಚುವರಿ ದಾರಿಯೆಂದರೆ ಸೆಕೆಂಡಿನ ಸಾವಿರದಲ್ಲಿ ಆರು ಪಾಲು ತಡ. ಹಾಲಿವುಡ್ಡಿನವರಿಗೂ 1930ರ ದಶಕದಲ್ಲಿ ಇದೇ ಕಾಟ: ಪರದೆಯ ಮೇಲೆ ನರ್ತಕಿ ಒಂದು ಹೆಜ್ಜೆ ಹಾಕಿದರೆ ಎರಡು ಸದ್ದು ಕೇಳಿಸುತ್ತಿತ್ತು. 1936ರ ಶಿಯರರ್ ಕಹಳೆಯಲ್ಲಿ ದಾರಿಯನ್ನು ಕಿರಿದುಮಾಡಿ ಅದನ್ನು ಪರಿಹರಿಸಿದರು. ನಾನು ಇದನ್ನು ಸರಿಪಡಿಸುವುದು ಚೆಂಡೆಯ ಒಂಟಿ ಪೆಟ್ಟಿನಿಂದ. ಚಿಕ್ಕ ಕಹಳೆಯನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿಸುತ್ತ ಹೋದರೆ ಒಂದು ಕಡೆ ಎರಡಾಗಿದ್ದ ಪೆಟ್ಟು ಕೂಡಿ ಒಂದಾಗುತ್ತದೆ, ಚರ್ಮದ ಮೇಲೆ ಕೋಲು ಬಿದ್ದದ್ದು ಕಣ್ಣಿಗೆ ಕಟ್ಟುತ್ತದೆ. ಇಂದು ಈ ತಡವನ್ನು ಗಣಕದಿಂದಲೂ ತಿದ್ದಬಹುದು. ನನಗೆ ಸರಿಸುವುದರಲ್ಲಿಯೇ ಸಂತೋಷ.

ಮದ್ದಳೆ, ಚೆಂಡೆ ಎಂದು ಮತ್ತೆ ಮತ್ತೆ ಹೇಳುತ್ತಿರುವುದಕ್ಕೆ ಕಾರಣವಿದೆ. ಕಹಳೆಯ ಒಳ್ಳೆಯದು ಕೆಟ್ಟದ್ದೆರಡೂ ನಮ್ಮ ಉತ್ತರ ಕನ್ನಡದಲ್ಲಿ ಯಕ್ಷಗಾನದ ಮೇಲೆ ಬಿದ್ದಷ್ಟು ಬೇರಾವುದರ ಮೇಲೂ ಬಿದ್ದಿಲ್ಲ. ಹೊನ್ನಾವರ ಸೀಮೆಯ ಕರ್ಕಿಯ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಡಿದ ಆಟವನ್ನು ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ಮರುವರ್ಷ ‘ಸೀತಾ ಸ್ವಯಂವರ’ವನ್ನಾಡಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಮೈಕಿಲ್ಲದ ಆ ಕಾಲದ ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದರೆಂದರೆ ಅದು ಶಾಸ್ತ್ರದ ಹಠವಲ್ಲ, ಹಿಂದಿನ ಸಾಲಿನವನಿಗೂ ಪದ ಮುಟ್ಟಬೇಕೆಂಬ ಕಾಳಜಿ. ಮನುಷ್ಯನ ಕಿವಿ ಎಲ್ಲಕ್ಕಿಂತ ಚುರುಕಾಗಿರುವುದು 2,000ದಿಂದ 4,000 ಕಂಪನಗಳ ನಡುವೆ. ಆ ಪಟ್ಟಿಯಲ್ಲಿ ಕಂಠವನ್ನು ಮೊಳಗಿಸುವ ವಿದ್ಯೆಯನ್ನು ಅವರು ಯಾವ ಪುಸ್ತಕವನ್ನೂ ಓದದೆ ಕಲಿತಿದ್ದರು. ಬಾಯಿ, ಗಂಟಲು, ಎದೆಗೂಡು ಸೇರಿ ಅವರೇ ಒಂದು ಕಹಳೆ.

ಮೈಕು ಬಂತು, ಡೇರೆ ಮೇಳಗಳು ಬಂದವು. ಭಾಗವತರು ಶ್ರುತಿಯನ್ನು ಇಳಿಸಿದರು, ರಾಗವನ್ನು ಬಿಡಿಸಿದರು, ಪಿಸುಮಾತಿನ ಭಾವಕ್ಕೂ ಎಡೆ ಸಿಕ್ಕಿತು. ಇದನ್ನು ಹಾಳು ಎಂದು ಹೇಳುವವರ ಸಾಲಿಗೆ ನಾನು ಸೇರಿದವನಲ್ಲ. ಕಾಳಿಂಗ ನಾವಡರ ಹಾಡುಗಾರಿಕೆಯನ್ನು ಮೈಕಿಲ್ಲದೆ ಊಹಿಸುವುದು ಕಷ್ಟ. ಆದರೆ ಕಂಬದ ಹಾರನ್ನು 300, 400 ಕಂಪನಗಳಿಂದ ಕೆಳಗೆ ಇಳಿಯಲಾರದ್ದು. ಚೆಂಡೆಯ ಕಿಡಿ ಅದರಲ್ಲಿ ಬರುತ್ತದೆ, ಮದ್ದಳೆಯ ಹೊಟ್ಟೆ ಬರುವುದಿಲ್ಲ. ಬ್ಯಾಟರಿ ಹೊತ್ತು ದೋಣಿಯಲ್ಲಿ ಹೊಳೆ ದಾಟಿ ಆಟಕ್ಕೆ ಹೋಗುತ್ತಿದ್ದ ದಿನಗಳಲ್ಲಿ, ಇದ್ದಷ್ಟು ವ್ಯಾಟಿನಲ್ಲಿ ಊರಿಗೆ ಕೇಳಿಸಲು ಹಾರನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ, ಆ ಕೊರತೆಯನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಮುಂದಿನದು. ವ್ಯಾಟು ಅಗ್ಗವಾಯಿತು. ಒಂದು ವ್ಯಾಟಿಗೆ ಸಾಕಾಗಿದ್ದ ಹಾರನ್ನಿಗೆ ನೂರು ವ್ಯಾಟು ತುಂಬಿದರು, ಒಂದಿದ್ದಲ್ಲಿ ಎಂಟು ಕಟ್ಟಿದರು. ವರ್ಧಕ ಮಿತಿಮೀರಿ ಒಡೆದ ಸ್ವರವನ್ನೇ ಸ್ವರವೆಂದು ಎರಡು ತಲೆಮಾರು ಕೇಳಿತು. ಜನ ‘ಮೈಕಾಸುರ’ನೆಂದು ಬೈದದ್ದು ನ್ಯಾಯವೇ. ಆದರೆ ಬೈಗುಳ ಬಿದ್ದದ್ದು ಕಹಳೆಯ ಮೇಲೆ, ಅಪರಾಧ ಗುಂಡಿ ತಿರುಗಿಸಿದ ಕೈಯದು.

ಸರಕಾರ 2000ದಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ತಂದಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ್ನು ಬಿಗಿಯಾಗಿ ಎತ್ತಿಹಿಡಿಯಿತು. ಮುಚ್ಚಿದ ಸಭಾಂಗಣಗಳನ್ನು ಬಿಟ್ಟು ಬೇರೆಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. 2022ರಲ್ಲಿ ಕರ್ನಾಟಕ ಸರಕಾರ ಇದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಒಂದೊಂದಾಗಿ ‘ಕಾಲಮಿತಿ’ಯ ಆಟಗಳಾದವು. ಅದಕ್ಕೆ ಪ್ರೇಕ್ಷಕರ ಬದಲಾದ ಬದುಕೂ ಕಾರಣ ನಿಜ. ಆದರೆ ಕಾನೂನಿನ ಪಾಲೂ ಚಿಕ್ಕದಲ್ಲ. ಬೆಳಗಿನ ಜಾವದ ರಾಗಗಳು ಈಗ ಸಂಜೆಯ ಒಂಬತ್ತಕ್ಕೆ ಬಂದು ತಬ್ಬಿಬ್ಬಾಗಿ ನಿಂತಿವೆ.

ನಾನು ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಿದ್ದೇನೆ. ದೂರ ಇಮ್ಮಡಿಯಾದಂತೆ ಶಬ್ದ ಆರು ಡೆಸಿಬೆಲ್ ಇಳಿಯುತ್ತದೆ. 104 ಡೆಸಿಬೆಲಿನ ಕಹಳೆಗೆ ಒಂದೇ ಒಂದು ವ್ಯಾಟು ಕೊಟ್ಟರೆ 32 ಮೀಟರಿನಲ್ಲಿ, ಅಂದರೆ ಬಯಲಾಟದ ಹಿಂದಿನ ಸಾಲಿನಲ್ಲಿ, 74 ಡೆಸಿಬೆಲ್. ಎದುರು ಕೂತು ಮಾತಾಡುವುದಕ್ಕಿಂತ ಗಟ್ಟಿ. ಒಂದು ಕಿಲೋಮೀಟರಿನಲ್ಲಿ 44. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿಯೆಂದು ನಿಯಮಗಳು ಹೇಳುವುದು 45. ಅದೇ ಕಹಳೆಗೆ ನೂರು ವ್ಯಾಟು ಕೊಟ್ಟರೆ ಒಂದು ಕಿಲೋಮೀಟರಿನಲ್ಲಿ 64; ಯಾರ ನಿದ್ದೆಯೂ ಉಳಿಯದು. ಕಹಳೆಗೆ ದಿಕ್ಕೂ ಇದೆ, ಬೆನ್ನ ಹಿಂದೆ ಅದು ಬಹಳ ಕಡಮೆ ಕೂಗುತ್ತದೆ. ಕಂಬದ ತುದಿಗೆ ಕಟ್ಟಿ ಆಕಾಶಕ್ಕೆ ಒದರಿಸುವ ಬದಲು, ರಂಗದ ಪಕ್ಕದಲ್ಲಿ ತಗ್ಗಾಗಿ ನಿಲ್ಲಿಸಿ ಪ್ರೇಕ್ಷಕರ ಕಡೆಗೆ ಬಾಗಿಸಿದರೆ ಊರಿಗೆ ತಟ್ಟುವ ಸದ್ದು ಇನ್ನೂ ಇಳಿಯುತ್ತದೆ. ಕಾನೂನು ವ್ಯಾಟನ್ನು ಕೇಳುವುದಿಲ್ಲ, ಗಡಿಯಾರವನ್ನು ಕೇಳುತ್ತದೆ; ಆದ್ದರಿಂದ ಒಂದು ವ್ಯಾಟಿನ ಕಹಳೆಗೂ ಹತ್ತು ಗಂಟೆಯ ಬೀಗ ತಪ್ಪದು. ಆದರೆ ಹತ್ತರೊಳಗಿನ ಆಟಗಳಾದರೂ ಮದ್ದಳೆಯ ಹೊಟ್ಟೆಯೊಂದಿಗೆ, ನೆರೆಯವರ ಶಾಪವಿಲ್ಲದೆ ನಡೆಯಬಹುದಲ್ಲ. ಸಭಾಂಗಣದಲ್ಲಾದರೆ ಬೆಳತನಕವೂ ನಡೆಸಬಹುದು, ಅಲ್ಲಿ ಒಂದು ವ್ಯಾಟು ಕೂಡ ಹೆಚ್ಚು.

ಈ ಲೆಕ್ಕ ತಪ್ಪುವ ಜಾಗವೊಂದಿದೆ, ಅದು ತದಡಿಯೇ. ಇಮ್ಮಡಿ ದೂರಕ್ಕೆ ಆರು ಡೆಸಿಬೆಲ್ಲೆಂಬುದು ಎಲ್ಲ ಕಡೆಗೂ ಸಮನಾಗಿ ಹರಡುವ ಗಾಳಿಯ ನಿಯಮ. ಆರಂಭದಲ್ಲಿ ಹೇಳಿದಂತೆ, ತಂಪು ನೀರಿನ ಮೇಲೆ ಬಾಗಿ ಇಳಿಯುವ ಶಬ್ದ ಅಷ್ಟು ವಿಧೇಯವಾಗಿ ಇಳಿಯುವುದಿಲ್ಲ. ಹೊಳೆಯ ಕಡೆಗೆ ಬಾಯಿ ಮಾಡಿದ ಕಹಳೆಗೆ ಒಂದು ವ್ಯಾಟು ಹೆಚ್ಚಾಗಬಹುದು. ಅದಕ್ಕಾಗಿ ಈ ಬೇಸಗೆಗೆ ಮುನ್ನ ಜಾಕಿನಷ್ಟು ಗಟ್ಟಿಯಾದ ಒಂದು ಮರದ ಕಾಲು ಮಾಡಿ, ಚಿಕ್ಕ ಕಹಳೆಯನ್ನು ಅದರ ಮೇಲೆ ತಿರುಗುವಂತೆ ಕೂರಿಸಿದ್ದೇನೆ. ಒಮ್ಮೆ ಗುಡ್ಡದ ಕಡೆ, ಒಮ್ಮೆ ನೀರಿನ ಕಡೆ ತಿರುಗಿಸಿ, ಸಂಜೆ ಏಳರಿಂದ ಒಂಬತ್ತರೊಳಗೆ, ತಾರಿಯ ಆಚೆ ದಡದಲ್ಲಿ ಅಳತೆಯ ಯಂತ್ರ ಹಿಡಿದು ನಿಲ್ಲಲು ಗೆಳೆಯರೊಬ್ಬರು ಒಪ್ಪಿದ್ದಾರೆ. ಕೊನೆಯ ತಾರಿ ತಪ್ಪಿದರೆ ಅವರ ರಾತ್ರಿಯ ಊಟದ ಹೊಣೆ ನನ್ನದು.